ಬೆರಳು ಮುಚ್ಚಿದ ಮೂಲೆ

(ಬೆಂಗಳೂರಿನಲ್ಲಿ ಹಳೆಪುಸ್ತಕ ಪ್ರಿಯರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಪರದೆಯ ಮೇಲೆ ಚಿತ್ರ ತೋರಿಸಿ ಮಾತು ಮುಗಿಸಿದ ಕಡೆ ಒಂದೆರಡು ವಾಕ್ಯ ಸೇರಿಸಿದ್ದೇನೆ.)

ಮೊದಲು ಈ ಪುಸ್ತಕ ಒಂದು ಸುತ್ತು ಹೋಗಿ ಬರಲಿ. ಕವರಿನಿಂದ ಹೊರಗೆ ತೆಗೆದೇ ನೋಡಿ, ಬೆರಳಚ್ಚು ಬಿದ್ದರೂ ಚಿಂತೆಯಿಲ್ಲ. ಅದರಿಂದ ಆಗಬೇಕಾದ ನಷ್ಟವೆಲ್ಲ ಎಂದೋ ಆಗಿಹೋಗಿದೆ.

ಮಾರ್ವೆಲ್‌ನವರು ತಂದ ‘ಸ್ಟಾರ್ ವಾರ್ಸ್’ ಕಾಮಿಕ್ಸಿನ ಮೊದಲ ಸಂಚಿಕೆ ಅದು, 1977ರ ಜುಲೈ ತಿಂಗಳದ್ದು. ಆಗ ಅವರ ಕಾಮಿಕ್ಸಿನ ಬೆಲೆ 30 ಸೆಂಟ್. 35ಕ್ಕೆ ಏರಿಸಿದರೆ ಜನ ಕೊಳ್ಳುತ್ತಾರೋ ಮುಖ ತಿರುಗಿಸುತ್ತಾರೋ ನೋಡೋಣ ಎಂದು ಅಮೆರಿಕದ ಕೆಲವೇ ಊರುಗಳಿಗೆ 35 ಸೆಂಟ್ ಎಂದು ಅಚ್ಚಾದ ಪ್ರತಿಗಳನ್ನು ಕಳಿಸಿದರು. ಆ ಪ್ರತಿಗಳು ಸುಮಾರು 1,500 ಎನ್ನುವುದು ಸಂಗ್ರಾಹಕರಲ್ಲಿ ಚಾಲ್ತಿಯಲ್ಲಿರುವ ಅಂದಾಜು. ಒಳಗಿನ ಕಥೆ ಅದೇ, ಚಿತ್ರ ಅದೇ, ಕಾಗದವೂ ಅದೇ. ಐದು ಸೆಂಟಿನ ವ್ಯತ್ಯಾಸ, ಅಷ್ಟೆ. ಆ ಐದು ಸೆಂಟಿಗೆ ಇವತ್ತು ಸಾವಿರಾರು ಡಾಲರ್ ಕೊಡುವವರಿದ್ದಾರೆ.

ತೊಡಕು ಇಲ್ಲಿದೆ. ಸಿನಿಮಾ ಗೆದ್ದು ಕಾಮಿಕ್ಸು ಬಿಸಿದೋಸೆಯ ಹಾಗೆ ಖರ್ಚಾದ ಮೇಲೆ ಮತ್ತೆ ಮತ್ತೆ ಮುದ್ರಿಸಿದರು. ಆ ಮರುಮುದ್ರಣಗಳಲ್ಲೂ ಕೆಲವದರ ಮೇಲೆ 35 ಸೆಂಟ್ ಎಂದೇ ಇದೆ. ಹಾಗಾದರೆ ಗುರುತು ಹಿಡಿಯುವುದು ಹೇಗೆ? ಅಪರೂಪದ ಪ್ರತಿಯಲ್ಲಿ ಬೆಲೆ ಚೌಕದೊಳಗೆ ಇರುತ್ತದೆ. ಕೆಳಗೆ ಎಡಮೂಲೆಯ ಪೆಟ್ಟಿಗೆಯಲ್ಲಿ ಬಾರ್‌ಕೋಡಿನ ಗೆರೆಗಳು ಇರುತ್ತವೆ. ಮರುಮುದ್ರಣದಲ್ಲಿ ಬೆಲೆ ವಜ್ರಾಕಾರದ ಚೌಕಟ್ಟಿನಲ್ಲಿರುತ್ತದೆ. ಈಗ ನಿಮ್ಮ ಕೈಯಲ್ಲಿರುವುದನ್ನು ನೋಡಿ. ವಜ್ರ. ಹೌದು, ನಗಬಹುದು.

ಇದೆಲ್ಲ ನನಗೆ ಕೊಳ್ಳುವ ಮೊದಲೇ ಗೊತ್ತಿತ್ತು ಎನ್ನುವುದೇ ಈ ಕಥೆಯ ತಮಾಷೆ. ನ್ಯೂಜೆರ್ಸಿಯಲ್ಲಿದ್ದ ದಿನಗಳು. ಒಂದು ಹರಾಜು ತಾಣದಲ್ಲಿ ರಾತ್ರಿ ಹನ್ನೊಂದೂವರೆಗೆ ಇದು ಕಣ್ಣಿಗೆ ಬಿತ್ತು. ಮೂರು ಫೋಟೊ. ಮುಖಪುಟದ ಫೋಟೊದಲ್ಲಿ ಪುಸ್ತಕ ಹಿಡಿದವನ ಹೆಬ್ಬೆರಳು ಸರಿಯಾಗಿ ಕೆಳಗಿನ ಎಡಮೂಲೆಯ ಮೇಲೆ ಕೂತಿತ್ತು. ಮೇಲೆ ಬೆಲೆ ಇರುವಲ್ಲಿ 35 ಎನ್ನುವುದನ್ನು ಓದಬಹುದು, ಸುತ್ತಲಿನ ಚೌಕಟ್ಟು ಮಾತ್ರ ಪ್ಲಾಸ್ಟಿಕ್ ಕವರಿನ ಹೊಳಪಿನಲ್ಲಿ ಕರಗಿಹೋಗಿತ್ತು. ಕೆಳಗೆ ವಿವರ: ಚಿಕ್ಕಪ್ಪನ ಪೆಟ್ಟಿಗೆಯಲ್ಲಿ ಸಿಕ್ಕಿತು, ನನಗೆ ಕಾಮಿಕ್ಸಿನ ಗಂಧಗಾಳಿ ಇಲ್ಲ, ಫೋಟೊ ನೋಡಿ ನೀವೇ ತೀರ್ಮಾನಿಸಿ, ವಾಪಸ್ ತೆಗೆದುಕೊಳ್ಳುವುದಿಲ್ಲ.

ನಾನೇನು ಮಾಡಬೇಕಿತ್ತು? ‘ಸ್ವಾಮಿ, ಎಡಮೂಲೆಯ ಫೋಟೊ ಕಳಿಸಿ’ ಎಂದು ಒಂದು ಸಾಲು ಬರೆಯಬೇಕಿತ್ತು. ಬರೆಯಲಿಲ್ಲ. ಯಾಕೆ ಗೊತ್ತೇ? ಬರೆದರೆ ಅವನಿಗೆ ಅನುಮಾನ ಬರುತ್ತದೆ. ಈ ಮೂಲೆಯಲ್ಲಿ ಏನೋ ಇದೆ ಎಂದು ಹುಡುಕುತ್ತಾನೆ, ಬೆಲೆ ತಿಳಿದುಕೊಳ್ಳುತ್ತಾನೆ, ಹರಾಜು ನಿಲ್ಲಿಸಿಬಿಡುತ್ತಾನೆ. ಪಾಪ, ಏನೂ ಗೊತ್ತಿಲ್ಲದವನು, ಗೊತ್ತಿಲ್ಲದೆಯೇ ಇರಲಿ. ಇನ್ನೂರ ಅರವತ್ತು ಡಾಲರ್‌ಗೆ ಬಿಡ್ ಗೆದ್ದಾಗ ನಿಜಕ್ಕೂ ಅವನ ಮೇಲೆ ಸ್ವಲ್ಪ ಕನಿಕರವೂ ಬಂದಿತ್ತು.

ಪುಸ್ತಕ ಬಂದ ಮೇಲೆ ಅವನು ಹಿಂದೆ ಮಾರಿದ್ದನ್ನೆಲ್ಲ ತೆಗೆದು ನೋಡಿದೆ. ಅದೇ ಚಿಕ್ಕಪ್ಪ, ಅದೇ ಪೆಟ್ಟಿಗೆ, ಹಲವು ಡಜನ್ ಕಾಮಿಕ್ಸು. ಹಲವು ಫೋಟೊಗಳಲ್ಲಿ ಅದೇ ಹೆಬ್ಬೆರಳು, ಪ್ರತಿ ಸಲವೂ ಬೇರೆ ಮೂಲೆಯಲ್ಲಿ. ಅವನು ಒಂದೇ ಒಂದು ಸುಳ್ಳು ಬರೆದಿರಲಿಲ್ಲ, ಚಿಕ್ಕಪ್ಪನನ್ನು ಬಿಟ್ಟರೆ.

ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣವಿದೆ. ಅನುಮಾನಾಸ್ಪದ ಹರಾಜನ್ನು ಗುರುತಿಸುವುದು ಹೇಗೆ ಎಂದು ಕೇಳಿದರೆ ಎಲ್ಲರೂ ಪಟ್ಟಿ ಕೊಡುತ್ತಾರೆ. ಆ ಪಟ್ಟಿ ನನ್ನ ತಲೆಯಲ್ಲೂ ಇತ್ತು. ಆದರೆ ಈ ವ್ಯಾಪಾರದಲ್ಲಿ ಮೋಸಗಾರ ಮಾರುವುದು ನಕಲಿ ಪುಸ್ತಕವನ್ನಲ್ಲ, ತನ್ನ ಅಜ್ಞಾನವನ್ನು. ‘ಇವನಿಗೆ ಗೊತ್ತಿಲ್ಲ, ನನಗೆ ಗೊತ್ತು’ ಎಂಬ ಸುಖವನ್ನು ನಮಗೆ ಕೊಡುತ್ತಾನೆ. ಆ ಸುಖಕ್ಕೆ ನಾವು ದುಡ್ಡು ತೆರುತ್ತೇವೆ. ಏನೂ ತಿಳಿಯದ ಹೊಸಬರಿಗಿಂತ ನಮ್ಮಂಥ ಅರೆಬೆಂದ ತಜ್ಞರೇ ಹೆಚ್ಚು ಬೀಳುವುದು ಇದಕ್ಕೇ.

ಇದರ ಅತಿ ಪ್ರಸಿದ್ಧ ಉದಾಹರಣೆ ಕಾಮಿಕ್ಸಿನದ್ದಲ್ಲ, ಒಂದು ವರ್ಣಚಿತ್ರದ್ದು. 2000ದ ಮೇ ತಿಂಗಳಲ್ಲಿ ಇಬೇ ಎಂಬ ಇಂಟರ್‌ನೆಟ್ ಹರಾಜು ತಾಣದಲ್ಲಿ 25 ಸೆಂಟಿಗೆ ಶುರುವಾದ ಒಂದು ದೊಡ್ಡ ಅಮೂರ್ತ ಚಿತ್ರ 1,35,805 ಡಾಲರ್‌ವರೆಗೆ ಹೋಯಿತು. ಮಾರುವವನು ಬರೆದದ್ದು ಇಷ್ಟು: ಬರ್ಕ್ಲಿಯ ಗ್ಯಾರೇಜ್ ಮಾರಾಟದಲ್ಲಿ ಕೊಂಡದ್ದು, ಹೆಂಡತಿ ಮನೆಯೊಳಗೆ ಇಡಲು ಬಿಡುತ್ತಿಲ್ಲ, ಮಗು ಆಟದ ಗಾಡಿ ಗುದ್ದಿ ತೂತು ಮಾಡಿದೆ. ಫೋಟೊದ ಮೂಲೆಯಲ್ಲಿ ‘ಆರ್‌ಡಿ 52’ ಎಂಬ ಸಹಿ ಕಾಣುತ್ತಿತ್ತು. ಅದರ ಬಗ್ಗೆ ತುಟಿಪಿಟಕ್ ಎಂದಿರಲಿಲ್ಲ. ಕಲೆ ಬಲ್ಲವರು ತಾವಾಗಿಯೇ ಅದನ್ನು ಅಮೆರಿಕದ ಹೆಸರಾಂತ ಕಲಾವಿದ ರಿಚರ್ಡ್ ಡೀಬೆನ್‌ಕಾರ್ನ್ ಎಂದು ಓದಿಕೊಂಡರು. ಆಮೇಲೆ ಬಯಲಾದದ್ದು: ಮಾರುವವನು ಸ್ಯಾಕ್ರಮೆಂಟೊದ ವಕೀಲ. ಹೆಂಡತಿಯೂ ಇಲ್ಲ, ಮಗುವೂ ಇಲ್ಲ. ತನ್ನ ಮಾಲಿಗೆ ತಾನೇ ಬೇರೆ ಹೆಸರಿನಲ್ಲಿ ಬಿಡ್ ಹಾಕಿದ್ದ, ಜೊತೆಗಾರರೂ ಇದ್ದರು. ಇಬೇ ಆ ಮಾರಾಟವನ್ನು ರದ್ದು ಮಾಡಿತು, ಪ್ರಕರಣ ಕೋರ್ಟಿಗೆ ಹೋಯಿತು. ನನಗೆ ಮಾರಿದವನ ಚಿಕ್ಕಪ್ಪನೂ ಆ ಹೆಂಡತಿಯೂ ಒಂದೇ ಮನೆತನದವರು.

ಹಾಗಂತ ಅಟ್ಟದ ಮೇಲಿನ ಪೆಟ್ಟಿಗೆಯ ಕಥೆಗಳೆಲ್ಲ ಸುಳ್ಳೇ? ಅಲ್ಲ, ಅದೇ ಕಷ್ಟ. 1939ರ ‘ಸೂಪರ್‌ಮ್ಯಾನ್’ ಮೊದಲ ಸಂಚಿಕೆಯ ಒಂದು ಪ್ರತಿ ಕ್ಯಾಲಿಫೋರ್ನಿಯಾದಲ್ಲಿ ಮೂವರು ಅಣ್ಣತಮ್ಮಂದಿರಿಗೆ ತಾಯಿಯ ಮನೆಯ ಅಟ್ಟದಲ್ಲಿ ಸಿಕ್ಕಿ, 2025ರ ನವೆಂಬರಿನಲ್ಲಿ ಹೆರಿಟೇಜ್ ಎಂಬ ಹರಾಜು ಸಂಸ್ಥೆಯಲ್ಲಿ 91 ಲಕ್ಷ 20 ಸಾವಿರ ಡಾಲರ್‌ಗೆ ಹೋಯಿತು. ಇಂಥದ್ದೊಂದು ಸುದ್ದಿ ಬಂದರೆ ಸಾಕು, ಮರುವಾರದಿಂದ ಅಟ್ಟಗಳ ಸುಗ್ಗಿ. ಆದರೆ ವ್ಯತ್ಯಾಸ ಗಮನಿಸಿ. ಆ ಅಣ್ಣತಮ್ಮಂದಿರು ರಾತ್ರೋರಾತ್ರಿ ಮೂರು ಮಸುಕು ಫೋಟೊ ಹಾಕಿ ವಾಪಸ್ ಇಲ್ಲ ಎಂದು ಬರೆಯಲಿಲ್ಲ. ತಿಳಿದವರ ಹತ್ತಿರ ಹೋದರು, ಪರೀಕ್ಷೆ ಮಾಡಿಸಿದರು. ನಿಜವಾಗಿಯೂ ಏನೂ ತಿಳಿಯದವನು ಕೇಳಿ ತಿಳಿದುಕೊಳ್ಳುತ್ತಾನೆ. ತಿಳಿಯದವನಂತೆ ನಟಿಸುವವನಿಗೆ ಆ ಅಗತ್ಯವಿಲ್ಲ.

ಕಡಿಮೆ ಬೆಲೆಗೆ ಹರಾಜು ಶುರುವಾದರೆ ಮೋಸ ಎಂದು ಕೆಲವರು ಹೇಳುತ್ತಾರೆ. ಅದೂ ಪೂರ್ತಿ ಸರಿಯಲ್ಲ. 1938ರ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆ, ಸೂಪರ್‌ಮ್ಯಾನ್ ಹುಟ್ಟಿದ ಪುಸ್ತಕ, 2014ರಲ್ಲಿ ಇಬೇಯಲ್ಲಿ 99 ಸೆಂಟಿಗೆ ಶುರುವಾಗಿ 32,07,852 ಡಾಲರ್‌ಗೆ ಮುಗಿಯಿತು. ಅಲ್ಲಿ ಮುಚ್ಚಿಟ್ಟದ್ದು ಏನೂ ಇರಲಿಲ್ಲ. ನೋಡಬೇಕಾದದ್ದು ಶುರುವಿನ ಬೆಲೆಯನ್ನಲ್ಲ, ಯಾವ ಫೋಟೊ ಇಲ್ಲ ಎನ್ನುವುದನ್ನು.

ಅದೇ ಆಕ್ಷನ್ ಕಾಮಿಕ್ಸಿಗೆ ಇನ್ನೊಂದು ಕಥೆಯಿದೆ. 1974ರಲ್ಲಿ ಅದರ ಪ್ರಕಾಶಕರಾದ ಡಿಸಿ ಕಂಪನಿಯವರೇ ಹಳೆಯ ಪ್ರಸಿದ್ಧ ಸಂಚಿಕೆಗಳನ್ನು ದೊಡ್ಡ ಅಳತೆಯಲ್ಲಿ ಮರುಮುದ್ರಿಸಿದರು. ಜಾಹೀರಾತುಗಳನ್ನೂ ಬಿಡದೆ ಪುಟಕ್ಕೆ ಪುಟ ಅದೇ. ಹೊರಗೆ ಮಾತ್ರ ಇದು ವಿಶೇಷ ಆವೃತ್ತಿ ಎಂದು ಹೇಳುವ ದಪ್ಪ ರಟ್ಟು. ಆ ರಟ್ಟು ಕಿತ್ತರೆ ಒಳಗೆ 1938ರ ಮುಖಪುಟ, 10 ಸೆಂಟ್ ಬೆಲೆ ಸಮೇತ! ಜನ ಕೀಳಲು ಶುರುಮಾಡಿದರು. ಅಮೆರಿಕದ ಸಂಗ್ರಾಹಕರ ಬೆಲೆಕೈಪಿಡಿ ಓವರ್‌ಸ್ಟ್ರೀಟ್ ಇದರ ಬಗ್ಗೆ ವರ್ಷವರ್ಷವೂ ಎಚ್ಚರಿಕೆ ಅಚ್ಚುಹಾಕುತ್ತ ಬಂದಿದೆ. ಕೈಯಲ್ಲಿ ಹಿಡಿದರೆ ಮಗುವಿಗೂ ಗೊತ್ತಾಗುತ್ತದೆ: ಮೂಲ ಪುಸ್ತಕ ಸುಮಾರು ಹತ್ತೂವರೆ ಇಂಚು ಎತ್ತರ, ಇದು ಹದಿಮೂರು ದಾಟುತ್ತದೆ. ಫೋಟೊದಲ್ಲಿ? ಫೋಟೊದಲ್ಲಿ ಎಲ್ಲ ಪುಸ್ತಕಗಳೂ ಒಂದೇ ಎತ್ತರ. ಅದಕ್ಕೇ ಪಕ್ಕದಲ್ಲೊಂದು ಸ್ಕೇಲ್ ಇಟ್ಟು ಫೋಟೊ ತೆಗೆಯಲು ಹೇಳಿ. ಸ್ಕೇಲಿಗೆ ಐದು ರೂಪಾಯಿ. ‘ಸ್ಕೇಲ್ ಇಲ್ಲ’ ಎಂದು ಉತ್ತರ ಬಂದರೆ ನಿಮ್ಮ ದುಡ್ಡು ಉಳಿಯಿತು.

ಇಂಥವು ಬೇಕಾದಷ್ಟಿವೆ. ಬ್ಯಾಟ್‌ಮನ್ ಮೊದಲು ಕಾಣಿಸಿಕೊಂಡ ‘ಡಿಟೆಕ್ಟಿವ್ ಕಾಮಿಕ್ಸ್’ 27ನೇ ಸಂಚಿಕೆಯನ್ನು 1984ರಲ್ಲಿ ಓರಿಯೊ ಬಿಸ್ಕತ್ತಿನವರು ಪುಕ್ಕಟೆ ಹಂಚಿದ್ದರು. 1966ರಲ್ಲಿ ಗ್ರಾಮಫೋನ್ ತಟ್ಟೆಯ ಜೊತೆ ಕೊಟ್ಟ ಮಾರ್ವೆಲ್ ಮರುಮುದ್ರಣಗಳ ಮುಖಪುಟದಲ್ಲಿ ಬೆಲೆಯೇ ಇರುವುದಿಲ್ಲ. ಇವೆಲ್ಲ ಕಂಪನಿ ಪ್ರಾಮಾಣಿಕವಾಗಿ ಮಾಡಿದ ಮರುಮುದ್ರಣಗಳು. ಅಪ್ಪಟ ಖೋಟಾ ಬೇರೆಯೇ. 1984ರಲ್ಲಿ ಮೂರು ಸಾವಿರ ಚಿಲ್ಲರೆ ಪ್ರತಿ ಅಚ್ಚಾದ ‘ಟೀನೇಜ್ ಮ್ಯುಟೆಂಟ್ ನಿಂಜಾ ಟರ್ಟಲ್ಸ್’ ಮೊದಲ ಸಂಚಿಕೆ, 1977ರ ‘ಸೆರೆಬಸ್’ ಮೊದಲ ಸಂಚಿಕೆ, ಎರಡಕ್ಕೂ ಖೋಟಾ ಪ್ರತಿಗಳಿವೆ. ಯಾಕೆ ಇವಕ್ಕೇ? ಒಳಪುಟಗಳು ಕಪ್ಪು ಬಿಳುಪು, ಅಚ್ಚು ಹಾಕುವುದು ಅಗ್ಗ.

ಇನ್ನು ಬಿಡ್‌ಗಳ ವಿಷಯ. ದನದ ಜಾತ್ರೆ ನೋಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? ನಮ್ಮ ತಾತ ಎತ್ತು ಕೊಳ್ಳಲು ಹೋದಾಗ ದಲ್ಲಾಳಿಯ ಜೊತೆ ಟವೆಲ್ ಅಡಿಯಲ್ಲಿ ಬೆರಳು ಹಿಡಿದು ದರ ಮಾತಾಡುತ್ತಿದ್ದರು. ಪಕ್ಕದಲ್ಲಿ ಇನ್ನೊಬ್ಬ ನಿಂತಿರುತ್ತಿದ್ದ. ‘ಇಷ್ಟು ಒಳ್ಳೆ ಜೋಡಿಗೆ ಅಷ್ಟೇ ಕೊಡ್ತೀರಾ, ನಾನೇ ಇನ್ನೊಂದು ಸಾವಿರ ಹಾಕ್ತೀನಿ’ ಅನ್ನುತ್ತಿದ್ದ. ಎತ್ತನ್ನು ಅವನೆಂದೂ ಹೊಡೆದುಕೊಂಡು ಹೋದದ್ದಿಲ್ಲ. ಸಂಜೆ ದಲ್ಲಾಳಿಯ ಜೊತೆ ಚಹಾ ಕುಡಿಯುತ್ತಿರುತ್ತಿದ್ದ. ಇಂಟರ್‌ನೆಟ್ ಹರಾಜಿನಲ್ಲೂ ಅವನಿದ್ದಾನೆ, ಹೆಸರಿನ ಜಾಗದಲ್ಲಿ ಎರಡಕ್ಷರ, ನಡುವೆ ಮೂರು ನಕ್ಷತ್ರ.

ಇಬೇಯಲ್ಲಿ ಬಿಡ್ ಚರಿತ್ರೆ ತೆರೆದು ಒಬ್ಬೊಬ್ಬ ಬಿಡ್ಡರ್ ಮೇಲೂ ಒತ್ತಿ ನೋಡಬಹುದು. ಕಳೆದ 30 ದಿನದಲ್ಲಿ ಅವನು ಹಾಕಿದ ಬಿಡ್‌ಗಳಲ್ಲಿ ಶೇಕಡಾ ಎಷ್ಟು ಇದೇ ಮಾರಾಟಗಾರನಿಗೆ, ಎಷ್ಟು ಬಿಡ್ ಹಿಂದಕ್ಕೆ ತೆಗೆದುಕೊಂಡಿದ್ದಾನೆ, ಎಲ್ಲ ಬರುತ್ತದೆ. ಒಂದೇ ಅಂಗಡಿಗೆ ನೂರಕ್ಕೆ ತೊಂಬತ್ತು ಬಿಡ್ ಹಾಕಿ ಒಂದನ್ನೂ ಗೆಲ್ಲದ, ಫೀಡ್‌ಬ್ಯಾಕ್ ಸೊನ್ನೆ ಇರುವ ಗಿರಾಕಿಯನ್ನು ಕಂಡರೆ ಜಾತ್ರೆಯ ಆ ಮನುಷ್ಯನನ್ನು ನೆನೆಸಿಕೊಳ್ಳಿ. ಒಂದು ಮಾತು ಸೇರಿಸಬೇಕು: ಒಬ್ಬನೇ ಮಾರಾಟಗಾರನ ಹತ್ತಿರ ನಿಯತ್ತಾಗಿ ಕೊಳ್ಳುವ ಸಭ್ಯರೂ ಇದ್ದಾರೆ, ನಾನೇ ಒಬ್ಬ. ಶೇಕಡಾವಾರು ಒಂದೇ ಸಾಕ್ಷಿಯಲ್ಲ.

ಬಿಡ್ ಹಿಂತೆಗೆತ ಇನ್ನೂ ಚತುರ ವಿದ್ಯೆ. ನೀವು ಗುಟ್ಟಾಗಿ 500 ಡಾಲರ್ ಗರಿಷ್ಠ ಬಿಡ್ ಹಾಕಿರುತ್ತೀರಿ, ಅಲ್ಲಿಯವರೆಗೆ ಬೇಕಾದಷ್ಟು ಮಾತ್ರ ತಾಣವೇ ನಿಮ್ಮ ಪರವಾಗಿ ಏರಿಸುತ್ತದೆ. ಹರಾಜು ಸದ್ಯಕ್ಕೆ 120ರಲ್ಲಿರುತ್ತದೆ. ಯಾರೋ ಬಂದು 5,000 ಹಾಕುತ್ತಾನೆ. ತಕ್ಷಣ ಬೆಲೆ 500 ದಾಟುತ್ತದೆ, ನಿಮ್ಮ ಮಿತಿ ಬಯಲಾಯಿತು. ‘ಅಯ್ಯೋ, ಒಂದು ಸೊನ್ನೆ ಹೆಚ್ಚು ಒತ್ತಿಬಿಟ್ಟೆ’ ಎಂದು ಹಿಂತೆಗೆಯುತ್ತಾನೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಹೆಸರಿನಿಂದ 490ಕ್ಕೆ ಬಿಡ್ ಬೀಳುತ್ತದೆ. ನೀವೇ ಗೆದ್ದಿರಿ, ಅಭಿನಂದನೆ. 120ಕ್ಕೋ 150ಕ್ಕೋ ಸಿಗಬೇಕಾದದ್ದು ಹತ್ತಿರಹತ್ತಿರ 500ಕ್ಕೆ ಸಿಕ್ಕಿತು. ಹರಾಜಿಗೆ 12 ಗಂಟೆಗಿಂತ ಕಡಿಮೆ ಉಳಿದಿದ್ದರೆ, ಹಾಕಿದ ಒಂದು ಗಂಟೆಯೊಳಗೆ ಮಾತ್ರ ಹಿಂತೆಗೆಯಲು ಬಿಡುತ್ತಾರೆ. ಆದ್ದರಿಂದ ಈ ಆಟ ಸಾಮಾನ್ಯವಾಗಿ ಅದಕ್ಕೆ ಮೊದಲೇ ಮುಗಿದಿರುತ್ತದೆ. ನಾನಂತೂ ಈಗ ಕೊನೆಯ ಹತ್ತು ಸೆಕೆಂಡಿನವರೆಗೆ ಬಾಯಿ ಬಿಡುವುದಿಲ್ಲ. ಮನೆಯಲ್ಲಿ ಬೈಸಿಕೊಳ್ಳುತ್ತೇನೆ, ಅದು ಬೇರೆ ಮಾತು.

‘ಇಷ್ಟೆಲ್ಲ ರಗಳೆ ಯಾಕೆ, ಸಿಜಿಸಿ ಸ್ಲ್ಯಾಬ್ ಕೊಂಡರಾಯಿತಲ್ಲ’ ಎಂದು ಚಹಾದ ಹೊತ್ತಿನಲ್ಲಿ ಒಬ್ಬರು ಹೇಳುತ್ತಿದ್ದರು. ಗೊತ್ತಿಲ್ಲದವರಿಗೆ: ಸಿಜಿಸಿ ಎನ್ನುವುದು ಫ್ಲಾರಿಡಾದ ಒಂದು ಕಂಪನಿ, 2000ದಲ್ಲಿ ಶುರುವಾದದ್ದು. ನೀವು ಕಳಿಸಿದ ಕಾಮಿಕ್ಸನ್ನು ಪರೀಕ್ಷಿಸಿ, 0.5ರಿಂದ 10ರವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ, ನಂಬರ್ ಹಾಕಿ ಕಳಿಸುತ್ತಾರೆ. ಆ ಪೆಟ್ಟಿಗೆಯೇ ಸ್ಲ್ಯಾಬ್. ಲೇಬಲ್ ನೀಲಿಯಿದ್ದರೆ ಸಾಮಾನ್ಯ, ನೇರಳೆಯಿದ್ದರೆ ದುರಸ್ತಿ ಕಂಡಿದೆ ಎಂದರ್ಥ. ಬೆನ್ನಿನ ಕಪ್ಪು ಮಾಸಿದ ಕಡೆ ಮಾರ್ಕರ್ ಪೆನ್ನಿನಿಂದ ತೀಡಿದ್ದನ್ನು, ಅಂಚು ಹೆರೆದದ್ದನ್ನು ಅವರು ಹಿಡಿಯುತ್ತಾರೆ. ನಿಜಕ್ಕೂ ಉಪಕಾರವೇ.

ಆದರೆ ನಂಬಿಕೆ ಎಲ್ಲಿ ಗಟ್ಟಿಯೋ ಕನ್ನ ಅಲ್ಲೇ ಬೀಳುತ್ತದೆ. 2023ರ ಕೊನೆಯಲ್ಲಿ ಬೆಳಕಿಗೆ ಬಂದದ್ದು ಇದು. 9.8ರಂಥ ಮೇಲಿನ ಅಂಕದ ಸ್ಲ್ಯಾಬನ್ನು ಜಾಣತನದಿಂದ ಬಿಚ್ಚುವುದು, ಒಳಗಿನ ಒಳ್ಳೆಯ ಪ್ರತಿ ತೆಗೆದು ಅದೇ ಸಂಚಿಕೆಯ ಸಾಧಾರಣ ಪ್ರತಿ ತುಂಬುವುದು. ಆಮೇಲೆ ‘ಪೆಟ್ಟಿಗೆ ಬದಲಿಸಿಕೊಡಿ’ ಎಂದು ಸಿಜಿಸಿಗೇ ಕಳಿಸುವುದು. ಅವರು ಮತ್ತೆ ಅಂಕ ಹಾಕದೆ ಹೊಸ ಪೆಟ್ಟಿಗೆಯಲ್ಲಿ ಕಳಿಸುತ್ತಿದ್ದರು. ಹೊರತೆಗೆದ ಒಳ್ಳೆಯ ಪ್ರತಿಗೆ ಹೊಸದಾಗಿ ಅಂಕ ಹಾಕಿಸಿದರೆ, ಒಂದು 9.8 ಇದ್ದದ್ದು ಎರಡು 9.8! ಪೆಟ್ಟಿಗೆ ಅಸಲಿ, ಲೇಬಲ್ ಅಸಲಿ, ನಂಬರ್ ಅಸಲಿ. ಒಳಗಿನ ಪುಸ್ತಕವೊಂದೇ ಹೊಂದದ್ದು. ಸಿಜಿಸಿ 350ಕ್ಕೂ ಹೆಚ್ಚು ಪ್ರಮಾಣಪತ್ರ ನಂಬರುಗಳ ಪಟ್ಟಿ ಪ್ರಕಟಿಸಿ, ಕೋರ್ಟಿಗೂ ಹೋಯಿತು.

ಕಂಡುಹಿಡಿದವರು ಯಾರು? ಹರಾಜಿನ ಹಳೆಯ ಫೋಟೊಗಳನ್ನೂ ಹೊಸ ಫೋಟೊಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದ ನಮ್ಮಂಥ ಸಂಗ್ರಾಹಕರು. ಒಂದು ಪ್ರತಿಯ ಬೆನ್ನಿನ ಸಣ್ಣ ಬಿರುಕು, ಮುಖಪುಟ ಎಷ್ಟು ಓರೆಯಾಗಿ ಮಡಚಿದೆ ಎನ್ನುವುದು, ಸ್ಟೇಪಲ್ ಪಿನ್ನು ಎಲ್ಲಿ ಚುಚ್ಚಿದೆ ಎನ್ನುವುದು, ಇವೆಲ್ಲ ಬೆರಳಚ್ಚಿನ ಹಾಗೆ. ನಂಬರ್ ಹಾಕಿ ಸಿಜಿಸಿ ತಾಣದಲ್ಲಿ ಹುಡುಕಿ, ಚಿತ್ರವಿದ್ದರೆ ಹೋಲಿಸಿ. ಹೆರಿಟೇಜ್‌ನಂಥವರ ಹಳೆಯ ಹರಾಜಿನ ಚಿತ್ರಗಳಲ್ಲಿ ಅದೇ ನಂಬರ್ ಸಿಕ್ಕರೆ ಇನ್ನೂ ಒಳ್ಳೆಯದು. ನಂಬರ್ ಸರಿಯಿದೆ ಎಂದು ನಿಲ್ಲಿಸಬೇಡಿ. ನಂಬರ್ ಸರಿಯಿರುವುದೇ ಈ ಮೋಸದ ಬಂಡವಾಳ.

ಸ್ಲ್ಯಾಬಿಲ್ಲದ ಪ್ರತಿಯಾದರೆ ಒಳಗನ್ನೂ ನೋಡಬೇಕು. ವುಲ್ವರೀನ್ ಎಂಬ ಮಾರ್ವೆಲ್ ನಾಯಕ ಮೊದಲ ಸಲ ಪೂರ್ಣವಾಗಿ ಕಾಣಿಸಿಕೊಂಡ 1974ರ ‘ಇನ್‌ಕ್ರೆಡಿಬಲ್ ಹಲ್ಕ್’ 181ನೇ ಸಂಚಿಕೆಯ ಓದುಗರ ಪತ್ರಗಳ ಪುಟದಲ್ಲಿ ಕತ್ತರಿಸಿ ಅಂಟಿಸಿಕೊಳ್ಳಲು ಒಂದು ಸ್ಟಾಂಪ್ ಅಚ್ಚಾಗಿತ್ತು. ಅಂದಿನ ಮಕ್ಕಳು ವಿಧೇಯರಾಗಿ ಕತ್ತರಿಸಿದರು. ಆ ಅಂಗುಲದ ಚೌಕ ಇಲ್ಲದಿದ್ದರೆ ಬೆಲೆ ಧೊಪ್ಪನೆ ಬೀಳುತ್ತದೆ. ಮುಖಪುಟ ಲಕಲಕ ಹೊಳೆಯುತ್ತಿದ್ದು ಒಳಪುಟದ ಫೋಟೊ ಇಲ್ಲದಿದ್ದರೆ, ಹೆಬ್ಬೆರಳು ಇಲ್ಲಿ ಇಡೀ ಪುಟವನ್ನೇ ಮುಚ್ಚಿದೆ ಎಂದು ತಿಳಿಯಿರಿ.

ನಮ್ಮ ಊರಿನ ಕಡೆಗೆ ಬರೋಣ. ಇಬೇಯ ಭಾರತೀಯ ತಾಣ 2018ರಲ್ಲಿ ಮುಚ್ಚಿತು. ಈಗ ಇಂದ್ರಜಾಲ ಕಾಮಿಕ್ಸ್, ಅಮರ ಚಿತ್ರ ಕಥೆಗಳ ಹರಾಜೆಲ್ಲ ಫೇಸ್‌ಬುಕ್, ವಾಟ್ಸಾಪ್ ಗುಂಪುಗಳಲ್ಲಿ. ಅಲ್ಲಿ ಬಿಡ್ ಚರಿತ್ರೆಯೂ ಇಲ್ಲ, ಮಾಲು ವಿವರಣೆಯಂತಿಲ್ಲ ಎಂದು ದೂರಿದರೆ ದುಡ್ಡು ಕೊಡಿಸುವ ಏರ್ಪಾಡೂ ಇಲ್ಲ. ಯುಪಿಐಯಲ್ಲಿ ಹೋದದ್ದು ಹೋಯಿತು. ‘ಮುಂಗಡ ವಾಪಸ್ ಕಳಿಸ್ತೀನಿ, ಪಿನ್ ಒತ್ತಿ’ ಎಂದರೆ ಒತ್ತಬೇಡಿ. ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ. ಮೋಸವಾದರೆ ಗೊಣಗುತ್ತ ಕೂರದೆ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಅಮರ ಚಿತ್ರ ಕಥೆಯ ವಿಷಯದಲ್ಲಿ ಕನ್ನಡಿಗರಿಗೆ ಗೊತ್ತಿರಬೇಕಾದ ಒಂದು ಸಂಗತಿಯಿದೆ. ಸಂಪಾದಕ ಅನಂತ ಪೈ ಕಾರ್ಕಳದವರು ಎನ್ನುವುದು ಎಲ್ಲರಿಗೂ ಗೊತ್ತು. ಸರಣಿಯ ಮೊದಲ ಹತ್ತು ಸಂಖ್ಯೆಗಳು ಕೃಷ್ಣನದ್ದೂ ಅಲ್ಲ, ರಾಮನದ್ದೂ ಅಲ್ಲ. ಸಿಂಡರೆಲ್ಲಾ, ಅಲ್ಲಾದೀನ್‌ನಂಥ ಹೊರಗಿನ ಕಥೆಗಳು, ಕನ್ನಡದಲ್ಲಿ ಬಂದವು. ಅದರ ಹಿಂದೆ ಇದ್ದವರು ಬೆಂಗಳೂರಿನಲ್ಲಿ ಸರಣಿಯ ಪ್ರಕಾಶಕರಾದ ಇಂಡಿಯಾ ಬುಕ್ ಹೌಸ್‌ನ ಪುಸ್ತಕ ಮಾರಾಟ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್. ಇಂಗ್ಲಿಷಿನ ‘ಕೃಷ್ಣ’ನ ಸಂಖ್ಯೆ 11. ಆಮೇಲಿನ ಮರುಮುದ್ರಣ ಸರಣಿಯಲ್ಲಿ ಅದೇ ಪುಸ್ತಕ 501 ಆಯಿತು. ಆದ್ದರಿಂದ ‘ಅಮರ ಚಿತ್ರ ಕಥೆಯ ಮೊಟ್ಟಮೊದಲ ಸಂಚಿಕೆ’ ಎಂದು 501 ತೋರಿಸಿ ಹತ್ತು ಸಾವಿರ ಕೇಳುವವನು ಒಂದೋ ಮುಗ್ಧ, ಇಲ್ಲವೋ ನನ್ನ ಹಳೆಯ ಗೆಳೆಯ ಹೆಬ್ಬೆರಳಿನವನು. 11 ಎಂದು ಇದ್ದ ಮಾತ್ರಕ್ಕೆ ಮೊದಲ ಮುದ್ರಣ ಎಂದೂ ಅಲ್ಲ. ಅದೇ ಸಂಖ್ಯೆಯಲ್ಲಿ ವರ್ಷಗಟ್ಟಲೆ ಮರುಮುದ್ರಣ ಆಗಿದೆ. ಮುಖಪುಟದ ಬೆಲೆ, ಹಿಂಬದಿಯಲ್ಲಿ ಕೊಟ್ಟ ಪುಸ್ತಕಗಳ ಪಟ್ಟಿ ಎಲ್ಲಿಯವರೆಗೆ ಬಂದಿದೆ ಎನ್ನುವುದು, ಇವೆರಡು ನೋಡಿದರೆ ಕಾಲ ಹೆಚ್ಚುಕಡಿಮೆ ತಿಳಿಯುತ್ತದೆ. ಪಟ್ಟಿಯಲ್ಲಿ ನೂರು ಹೆಸರಿದ್ದರೆ ಅದು ಹನ್ನೊಂದನೆಯದಾಗಿ ಹುಟ್ಟಿದ ಪುಸ್ತಕವಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು. ‘ಆ 260 ಡಾಲರ್ ವಾಪಸ್ ಕೇಳಲಿಲ್ಲವೇ?’ ಎಂದು ಒಬ್ಬರು ಕೇಳಿದರು. ಕೇಳಲಿಲ್ಲ. ದೂರು ಕೊಡಲು ಪುಟ ತೆರೆದೆ. ‘ವಿವರಣೆಗಿಂತ ಮಾಲು ಹೇಗೆ ಭಿನ್ನವಾಗಿದೆ’ ಎಂಬ ಪೆಟ್ಟಿಗೆ ಬಂತು. ಯಾವ ರೀತಿಯಲ್ಲೂ ಭಿನ್ನವಾಗಿರಲಿಲ್ಲ. ಮುಚ್ಚಿದೆ.

ಕೊನೆಯ ಸಾಲಿನಿಂದ ತುಮಕೂರಿನ ಕಡೆಯ ಹುಡುಗನೊಬ್ಬ ಎದ್ದ. ಅಜ್ಜಿಯ ಟ್ರಂಕಿನಲ್ಲಿ ಹಳೆಯ ಕನ್ನಡ ಕಾಮಿಕ್ಸುಗಳಿವೆಯಂತೆ, ಒಂದರ ಮೇಲೆ ಸಿಂಡರೆಲ್ಲಾ ಚಿತ್ರವಿದೆಯಂತೆ, ಅಮರ ಚಿತ್ರ ಕಥೆ ಎಂದೇ ಬರೆದಿದೆಯಂತೆ. ‘ನಮ್ಮ ಮನೇಲಿ ಯಾರಿಗೂ ಇದರ ಬಗ್ಗೆ ಏನೂ ಗೊತ್ತಿಲ್ಲ ಸಾರ್. ಅಂಥದ್ದಕ್ಕೆ ಏನಾದ್ರೂ ಬೆಲೆ ಇರುತ್ತಾ?’

ಸಭೆಯಲ್ಲಿ ಒಂದು ಕ್ಷಣ ಸದ್ದಿಲ್ಲ. ನನ್ನ ಪಕ್ಕ ಕೂತಿದ್ದ ಇಬ್ಬರು ಸಂಗ್ರಾಹಕರು ಒಮ್ಮೆಲೇ ಕತ್ತು ತಿರುಗಿಸಿದ್ದನ್ನು ನೋಡಿದೆ. ‘ಏನಿಲ್ಲಪ್ಪ, ಹಳೇ ಪೇಪರ್, ತಂದುಕೊಡು ನೋಡೋಣ’ ಎನ್ನುವ ಮಾತು ನನ್ನ ನಾಲಗೆಯ ತುದಿಗೂ ಬಂದು ಕೂತಿತ್ತು. ಅದನ್ನು ನುಂಗಿ, ಯಾರಿಗೂ ಕೊಡಬೇಡ, ಮೊದಲು ಸಂಖ್ಯೆ ನೋಡು, ನಾಲ್ಕೂ ಮೂಲೆ ಕಾಣುವ ಹಾಗೆ ಫೋಟೊ ತೆಗೆ ಎಂದೆ.